ಸೈಲೆನ್ಸರಿನ ಕಪ್ಪು ಜೊಲ್ಲು

ಮಾರ್ಚ್ ೪

ಮಾವನವರಿಗೆ,

ಮನೆಯ ವಿಳಾಸಕ್ಕೆ ಬರೆಯದೆ ಬಿಡಿಭಾಗದ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಂಗಡಿಯವರು ನಿಮ್ಮ ಹಳೆಯ ಗೆಳೆಯರು, ಬಾಯಿ ಭದ್ರ ಇರುವವರು. ಪತ್ರವನ್ನು ನಿಮ್ಮ ಕೈಗೇ ಕೊಡುತ್ತಾರೆ. ಫೋನ್ ಮಾಡೋಣವೆಂದರೆ ಆಯಸ್ಸೆಲ್ಲ ಇಂಜಿನ್ನುಗಳ ಪಕ್ಕ ನಿಂತು ನಿಮ್ಮ ಕಿವಿ ಹೋಗಿದೆ. ಯಾರಾದರೂ ಪಕ್ಕದಲ್ಲಿ ನಿಂತು ನನ್ನ ಮಾತನ್ನು ನಿಮಗೆ ಕೂಗಿ ಹೇಳಬೇಕು. ಆ ‘ಯಾರಾದರೂ’ ಯಾರಾಗಿರುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತು.

ಬೈಕು ನನ್ನ ಹತ್ತಿರ ಇದೆ. ಹೌದು, ನೀವು ಶೆಡ್ಡಿನಲ್ಲಿ ಕೈಯಾರೆ ಕಟ್ಟಿದ ಟೂ-ಸ್ಟ್ರೋಕ್ ಡರ್ಟ್ ಬೈಕು, ನಿಮ್ಮ ಮಗ ರೇಸು ಗೆದ್ದದ್ದು. ಬೆಳಿಗ್ಗೆ ಯಾರೂ ಏಳುವ ಮೊದಲು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಕಿಕ್ ಹೊಡೆದೆ. ಅದಕ್ಕೆ ಕ್ಷಮೆ ಕೇಳಲು ಈ ಪತ್ರವಲ್ಲ.

ನಾನೀಗ ಬೆಟ್ಟದ ಮೇಲಿದ್ದೇನೆ. ಇಲ್ಲಿ ಸುತ್ತಮುತ್ತ ಸಣ್ಣಪುಟ್ಟ ಕ್ಲಿನಿಕ್ಕುಗಳಿವೆ, ಪರೀಕ್ಷೆ ಮಾಡುವ ಲ್ಯಾಬು ಮಾತ್ರ ಒಂದೇ. ರಕ್ತ, ಮೂತ್ರ, ಕಫದ ಡಬ್ಬಿಗಳನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿ ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಕಾರು ಹೋಗುವ ದಾರಿಯಲ್ಲ. ಅಸಹ್ಯವಾಗುವುದಿಲ್ಲವೇ ಎಂದು ಜನ ಕೇಳುತ್ತಾರೆ. ಇಲ್ಲ. ಪ್ರತಿ ಡಬ್ಬಿಗೂ ಮುಚ್ಚಳವಿದೆ, ಯಾರದೆಂದು ಹೆಸರಿದೆ. ಇಷ್ಟು ಅಚ್ಚುಕಟ್ಟಾದ ಹೊಲಸನ್ನು ನಾನು ಹಿಂದೆ ನೋಡಿರಲಿಲ್ಲ.

ತೊಂದರೆ ಬೈಕಿನದು. ಕೆಳಗೆ ಗುಂಡಿನ ಹಾಗೆ ಓಡುತ್ತಿದ್ದದ್ದು ಇಲ್ಲಿ ಏರು ಬಂದ ಕೂಡಲೇ ಗೊಳಗೊಳ ಎನ್ನುತ್ತದೆ, ಬಿಕ್ಕುತ್ತದೆ, ಸತ್ತೇಹೋಗುತ್ತದೆ. ಪ್ಲಗ್ ಬಿಚ್ಚಿದರೆ ಕಪ್ಪಗೆ ಒದ್ದೆ. ಸೈಲೆನ್ಸರಿನ ಬಾಯಿಂದ ಕಪ್ಪು ಜೊಲ್ಲು, ಅಂಟಂಟು, ನಾತ. ಪೆಟ್ಟಿಗೆಗೆ ಸಿಡಿಯುತ್ತದೆ, ನನ್ನ ಪ್ಯಾಂಟಿಗೆ ಸಿಡಿಯುತ್ತದೆ. ಲ್ಯಾಬಿನ ಮೇಡಂ ಪೆಟ್ಟಿಗೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು “ಒಳಗಿರೋದಕ್ಕಿಂತ ಹೊರಗಿರೋದೇ ಜಾಸ್ತಿ ಗಲೀಜಾಗಿದೆಯಲ್ಲಮ್ಮ” ಎಂದರು. ಇದು ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ.

ಕಾರ್ಬುರೇಟರ್ ಬಿಚ್ಚುವುದನ್ನು ಕಲಿಸಿದವರು ನೀವು. ಯಾವ ಜೆಟ್ ಹಾಕಬೇಕು ಎಂದು ಹೇಳಿ. ಹೇಳುವುದಿಲ್ಲವೆಂದರೆ ಅದನ್ನಾದರೂ ಬರೆಯಿರಿ, ಕಾಯುವುದು ತಪ್ಪುತ್ತದೆ.

ಇತಿ,
ನಿಮ್ಮ ಸೊಸೆ


ಮಾರ್ಚ್ ೧೫

ಸೊಸೆಗೆ,

ಕಳ್ಳಿಯನ್ನು ಏನೆಂದು ಕರೆಯುವುದು ಎಂದು ತಿಳಿಯದೆ ಎರಡು ಹಾಳೆ ಹರಿದು ಬಿಸಾಡಿ ಮೂರನೆಯದರಲ್ಲಿ ಬರೆಯುತ್ತಿದ್ದೇನೆ. ಉಂಡ ಮನೆಗೆ ಎರಡು ಬಗೆದೆ. ಒಂದು ಮಾತು ಹೇಳಿ ಹೋಗಬಹುದಿತ್ತು. ಬೆಳಿಗ್ಗೆ ಶೆಡ್ಡಿಗೆ ಹೋದರೆ ಸ್ಟ್ಯಾಂಡು ಬರಿದು, ನೆಲದ ಮೇಲೆ ಒಂದು ಹನಿ ಎಣ್ಣೆ. ಹಲ್ಲು ಕಿತ್ತ ಒಸಡಿನ ಹಾಗಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಇಲ್ಲಿಯ ಸುದ್ದಿ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಅತ್ತೆ ನಿನ್ನ ಸುದ್ದಿ ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿ, ಆಮೇಲೆ ದಿನವಿಡೀ ಅದನ್ನೇ ಎತ್ತುತ್ತಾಳೆ. ತುಟಿ ನೋಡಿದರೆ ಗೊತ್ತಾಗುತ್ತದೆ. ನಿನ್ನ ಗಂಡ ಸೋಫಾದ ಮೇಲೆ ಮಲಗಿ ತನ್ನದೇ ಹಳೆಯ ರೇಸಿನ ವಿಡಿಯೋ ನೋಡುತ್ತಾನೆ. ಬೀದಿಯವರು ಈಗಲೂ ಅವನನ್ನು ಚಾಂಪಿಯನ್ ಎಂದೇ ಕರೆಯುತ್ತಾರೆ. ಚಾಂಪಿಯನ್ ಕಾಲುಗುರು ಕತ್ತರಿಸಿ ಗೆದ್ದ ಬೆಳ್ಳಿ ಕಪ್ಪಿನೊಳಗೆ ಹಾಕುತ್ತಾನೆ. ಅವನ ತಾಯಿ ವಾರಕ್ಕೊಮ್ಮೆ ಅದನ್ನು ಖಾಲಿ ಮಾಡಿ, ಒರೆಸಿ, ಮತ್ತೆ ಕೈಗೆಟುಕುವ ಹಾಗೆ ಇಡುತ್ತಾಳೆ. ಇದೆಲ್ಲ ನೀನು ಹೋದದ್ದರಿಂದ ಎಂದು ನನ್ನ ಎಣಿಕೆ.

ಇನ್ನು ಇಂಜಿನ್. ಅದು ನಿನ್ನ ಮೇಲೆ ಹಗೆ ಸಾಧಿಸುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿದೆ. ಎತ್ತರದಲ್ಲಿ ಗಾಳಿ ತೆಳ್ಳಗೆ. ಜೆಟ್ ಅಂದರೆ ಹಿತ್ತಾಳೆಯ ತುಂಡಿನಲ್ಲಿ ಒಂದು ತೂತು, ಅಷ್ಟೇ. ಮೇಲೆ ಹೋದರೂ ಕೆಳಗೆ ಬಂದರೂ ಅದು ಬಿಡುವ ಪೆಟ್ರೋಲು ಬಿಡುತ್ತಲೇ ಇರುತ್ತದೆ. ಏದುಸಿರು ಬಿಡುವವನ ಬಾಯಿಗೆ ತುತ್ತು ತುರುಕಿದರೆ ಜೊಲ್ಲು ಸುರಿಸದೆ ಇನ್ನೇನು ಮಾಡುತ್ತಾನೆ?

ಮೊದಲು ಜೆಟ್ ಮುಟ್ಟಬೇಡ. ಏರ್ ಫಿಲ್ಟರ್ ತೊಳೆ. ಹೊಸ ಪ್ಲಗ್ ಹಾಕು. ಇಂಜಿನ್ ಬಿಸಿಯಾದ ಮೇಲೆ, ಗಾಳಿ ಒಳಬಿಡುವ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಕಾಲು ಕಾಲು ಸುತ್ತು ಬಿಚ್ಚುತ್ತ ಹೋಗು. ಎಲ್ಲಿ ಇಂಜಿನ್ ತಾನಾಗಿ ಚುರುಕಾಗುತ್ತದೋ ಅಲ್ಲಿ ನಿಲ್ಲಿಸಿ, ಎಷ್ಟು ಸುತ್ತು ಬಂತೆಂದು ಬರೆ. ಇನ್ನೊಂದು ಮಾತು. ಪೆಟ್ರೋಲಿಗೆ ಆಯಿಲ್ ಕಡಿಮೆ ಬೆರೆಸಿದರೆ ಜೊಲ್ಲು ನಿಲ್ಲುತ್ತದೆ ಎಂದು ಯಾವನೋ ಬುದ್ಧಿವಂತ ಅಲ್ಲಿ ಹೇಳುತ್ತಾನೆ. ಅವನ ಮಾತು ಕೇಳಿದೆಯೋ, ಪಿಸ್ಟನ್ ಕಚ್ಚಿಕೊಂಡು ನೀನು ಕಂದಕದಲ್ಲಿರುತ್ತೀ.

ಬೈಕಿನ ಮೇಲಿನ ಮರುಕಕ್ಕೆ ಇಷ್ಟು ಬರೆದೆ. ನಿನ್ನ ಮೇಲಿನದಲ್ಲ.

ಇತಿ,
ಮಾವ


ಮಾರ್ಚ್ ೨೯

ಮಾವನವರಿಗೆ,

ಫಿಲ್ಟರ್ ತೊಳೆದೆ. ಮೂರು ಸುತ್ತು ಬಿಚ್ಚಿದರೂ ಇಂಜಿನ್ ಇನ್ನೂ ಬೇಕು ಬೇಕು ಎನ್ನುತ್ತದೆ. ಅದಕ್ಕಿಂತ ಬಿಚ್ಚಿದರೆ ಸ್ಕ್ರೂ ಕೈಗೇ ಬರುತ್ತದೆ. ಎಂದರೆ ನಿಧಾನಕ್ಕೆ ಓಡುವಾಗ ಪೆಟ್ರೋಲು ಬಿಡುವ ಪೈಲಟ್ ಜೆಟ್ ದೊಡ್ಡದಾಯಿತು, ಅಲ್ಲವೇ? ನೀವು ಹಾಗೆ ಹೇಳಿಕೊಟ್ಟ ನೆನಪು. ಆಯಿಲ್ ಕಡಿಮೆ ಮಾಡು ಎಂದು ಹೇಳಿದ ಬುದ್ಧಿವಂತ ಪೆಟ್ರೋಲ್ ಬಂಕಿನಲ್ಲೇ ಸಿಕ್ಕಿದ. ನಕ್ಕು, ಎಂದಿನಷ್ಟೇ ಆಯಿಲ್ ಬೆರೆಸಿದೆ.

ನನ್ನ ಕೋಣೆ ಒಂದು ಲಾಂಡ್ರಿಯ ಮೇಲಿದೆ. ಬೆಳಗಾದರೆ ನೆಲದ ಸಂದಿಯಿಂದ ಹಬೆ ಬರುತ್ತದೆ, ಊರವರ ಹಾಸಿಗೆ ಬಟ್ಟೆಗಳ ಬೆವರಿನ ವಾಸನೆಯ ಜೊತೆಗೆ. ಕಾರ್ಬುರೇಟರನ್ನು ಸಿಂಕಿನ ಪಕ್ಕದಲ್ಲಿ ಇಟ್ಟುಕೊಂಡು ಬಿಚ್ಚುತ್ತಿದ್ದೆ. ಪೈಲಟ್ ಜೆಟ್ ಎಡಗೈಯಿಂದ ಜಾರಿ ಸೀದಾ ಸಿಂಕಿನ ತೂತಿಗೆ ಬಿತ್ತು. ಕೆಳಗಿನ ಪೈಪ್ ಬಿಚ್ಚಿ ಕೈಹಾಕಿದೆ. ಕೂದಲ ಉಂಡೆ, ಸೋಪಿನ ಲೋಳೆ, ಯಾರದೋ ಉಗುರು, ಮೆತ್ತಗಿನ ಇನ್ನೇನೋ. ವಾಕರಿಸುತ್ತಲೇ ಹುಡುಕಿದೆ, ಸಿಕ್ಕಿತು. ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿದರೆ ಆ ಸೂಜಿಮೊನೆಯಷ್ಟು ತೂತಿನಿಂದ ಎದುರು ಮನೆಯ ಕಿಟಕಿ ಕಂಡಿತು.

ಎಡಗೈಯ ಕೊನೆಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಕ್ಲಚ್ ಹೇಗೋ ಮುಂದಿನ ಎರಡು ಬೆರಳಲ್ಲಿ ಎಳೆಯುತ್ತೇನೆ. ಸಣ್ಣ ಸಾಮಾನು ಹಿಡಿಯುವುದೇ ಕಷ್ಟ.

ಇಲ್ಲಿ ಜೆಟ್ ಸಿಗುವುದಿಲ್ಲ. ಅಂಗಡಿಯವರ ಕೈಲಿ ಕಳುಹಿಸಿಕೊಡಲು ಸಾಧ್ಯವೇ?

ಇತಿ,
ಸೊಸೆ


ಏಪ್ರಿಲ್ ೧೨

ಸೊಸೆಗೆ,

ಪೊಟ್ಟಣ ಕಳುಹಿಸಿದ್ದೇನೆ. ಎರಡು ಸೈಜ್ ಚಿಕ್ಕ ಪೈಲಟ್ ಇದೆ, ಅದನ್ನು ಹಾಕು. ಈಗ ಸ್ಕ್ರೂ ಒಂದೂವರೆ ಸುತ್ತಿನ ಆಸುಪಾಸಿಗೆ ಬಂದರೆ ಸರಿ. ಆಮೇಲೆ ಕಾರ್ಬುರೇಟರಿನೊಳಗಿನ ಸೂಜಿ: ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕು. ಕ್ಲಿಪ್ ಮೇಲೆ ಹೋದರೆ ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲು ಕಡಿಮೆಯಾಗುತ್ತದೆ. ಇದನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು. ಕೊನೆಗೆ, ಪೂರ್ತಿ ಥ್ರಾಟಲಿನಲ್ಲಿ ಪೆಟ್ರೋಲು ಬಿಡುವ ಮೇನ್ ಜೆಟ್. ಸಾಲಾಗಿ ಐದು ಇಟ್ಟಿದ್ದೇನೆ. ಒಂದೊಂದೇ ಸೈಜ್ ಇಳಿ. ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಹಾಗೇ ಇಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡು. ಹಳೆಯ ಚಪ್ಪಲಿಯ ಚರ್ಮದ ಬಣ್ಣ ಬರಬೇಕು. ಕಪ್ಪಿದ್ದರೆ ಇನ್ನೂ ಇಳಿ. ಬಿಳಿ ಕಂಡರೆ ಹಿಂದೆ ಮುಂದೆ ನೋಡದೆ ಮೇಲೆ ಹತ್ತು.

ಬೆರಳಿನ ಕತೆ ಏನು? ಶೆಡ್ ಬಾಗಿಲಿಗೆ ಸಿಕ್ಕಿಹಾಕಿಕೊಂಡದ್ದು ಎಂದು ಮನೆಯಲ್ಲಿ ಹೇಳಿದ್ದರಲ್ಲ. ಇಷ್ಟು ದಿನ ಬೇಕೇ? ಸುತ್ತ ಕ್ಲಿನಿಕ್ಕುಗಳನ್ನು ಇಟ್ಟುಕೊಂಡು ಕೈ ತೋರಿಸದೆ ಕೂತಿದ್ದೀಯಾ?

ಇಲ್ಲೊಂದು ವಿಷಯ ನಡೆಯಿತು. ಅಂಗಡಿಯವನಿಗೆ ನನ್ನ ಹತ್ತಿರ ಕೂಗಿ ಕೂಗಿ ಗಂಟಲು ಹೋಗಿದೆಯಂತೆ. ಮೊನ್ನೆ ನನ್ನ ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿಬಿಟ್ಟ. ಹುರುಳಿಕಾಳಿನಷ್ಟಿದೆ. ಟೋಪಿ ಎಳೆದುಕೊಂಡರೆ ಕಾಣುವುದೇ ಇಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿನ್ನ ಅತ್ತೆಗೆ ಗೊತ್ತಾದರೆ ಇಷ್ಟು ವರ್ಷದ ಮಾತಿನ ಬಾಕಿಯನ್ನೆಲ್ಲ ಒಂದೇ ದಿನ ತೀರಿಸುತ್ತಾಳೆ. ಬೀದಿಯಲ್ಲಿ ನಡೆಯುವಾಗ ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ತಿರುಗಿ ನೋಡಿದೆ. ನನ್ನದೇ ಚಪ್ಪಲಿಯ ಸದ್ದು.

ಇತಿ,
ಮಾವ


ಏಪ್ರಿಲ್ ೩೦

ಮಾವನವರಿಗೆ,

ಪೈಲಟ್ ಕೂತ ಕೂಡಲೇ ಬೈಕು ಮೊದಲ ಕಿಕ್ಕಿಗೇ ಎದ್ದಿತು. ಸೂಜಿ ಇಳಿಸಿದ ಮೇಲೆ ಮಧ್ಯದ ಗೊಳಗೊಳ ಹೋಯಿತು. ಮೇನ್ ಜೆಟ್ಟಿನಲ್ಲಿ ಮಾತ್ರ ನಿಮ್ಮ ಮಾತು ಮೀರಿದೆ. ಒಂದೊಂದೇ ಇಳಿ ಎಂದಿದ್ದಿರಿ, ನಾನು ಆಸೆಗೆ ಬಿದ್ದು ಒಮ್ಮೆಲೇ ಕೊನೆಯದಕ್ಕೆ ಹಾರಿದೆ. ಏನು ಓಟ ಮಾವ! ಬೆಟ್ಟವೇ ಇಳಿಜಾರಾದ ಹಾಗೆ. ಮುಕ್ಕಾಲು ಏರು ಮುಗಿದಾಗ ಇಂಜಿನ್ನಿನೊಳಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದ ಸದ್ದು. ಥ್ರಾಟಲ್ ಇಳಿಸಿ ನಿಲ್ಲಿಸಿದೆ. ಪ್ಲಗ್ ಮೂಳೆಯ ಹಾಗೆ ಬೆಳ್ಳಗಿತ್ತು. ಇನ್ನೊಂದು ನಿಮಿಷ ಓಡಿಸಿದ್ದರೆ ನೀವು ಹೇಳಿದ ಕಂದಕ ಅಲ್ಲೇ ಪಕ್ಕದಲ್ಲಿತ್ತು. ಎರಡು ಸೈಜ್ ಮೇಲೆ ಹತ್ತಿದೆ. ಈಗ ಚಪ್ಪಲಿಯ ಬಣ್ಣ.

ಜೊಲ್ಲು ನಿಂತಿದೆ. ಲ್ಯಾಬಿನ ಮೇಡಂ ಪೆಟ್ಟಿಗೆಯನ್ನು ಈಗ ಪೂರ್ತಿ ಕೈಯಲ್ಲಿ ಹಿಡಿಯುತ್ತಾರೆ. ಕೆಲಸ ಉಳಿಯಿತು. ಉಪಕಾರವಾಯಿತು.

ಬೆರಳನ್ನು ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡಿದೆ, ಆಗಲೇ ಬರಬೇಕಿತ್ತು ಎಂದರು. ಇನ್ನು ಅದರ ಬಗ್ಗೆ ಕೇಳಬೇಡಿ. ಬಾಗಿಲಿಗೆ ಸಿಕ್ಕಿದ್ದು ಹೌದು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಇತಿ,
ಸೊಸೆ


ಮೇ ೨೧

ಸೊಸೆಗೆ,

ನಿನ್ನ ಕೊನೆಯ ಸಾಲನ್ನು ಓದಿ, ಗಾಳಿಗೆ ಮುಚ್ಚಿಕೊಂಡಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಇನ್ನು ಮುಂದಿನದನ್ನು ಬಾಯಲ್ಲಿ ಹೇಳಲಾಗುವುದಿಲ್ಲ, ಬರೆಯಬಹುದು. ಈಗ ಕಿವಿ ಇದೆ, ಫೋನ್ ಮಾಡಬಹುದಿತ್ತು, ಅದಕ್ಕೇ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ಅವನ ಇಬ್ಬರು ಗೆಳೆಯರು ಬಂದಿದ್ದರು. ಎಲ್ಲರೂ ಮುಂದಿನ ಕೋಣೆಯಲ್ಲಿ. ನಾನು ನನ್ನ ಕುರ್ಚಿಯಲ್ಲಿ, ಟೋಪಿ ಹಾಕಿಕೊಂಡು, ಪೇಪರ್ ಹಿಡಿದುಕೊಂಡು. ಒಬ್ಬ ನಿನ್ನ ಸುದ್ದಿ ತೆಗೆದ. ಇನ್ನೊಬ್ಬ ನನ್ನ ಕಡೆ ಕಣ್ಣು ಹೊರಳಿಸಿ, “ನಿಮ್ಮಪ್ಪ ಇದಾರಲ್ಲೋ” ಅಂದ.

“ಅಯ್ಯೋ, ಅವ್ರು ಗೋಡೆ ಇದ್ದಂಗೆ ಬಿಡು. ಏನೂ ಕೇಳಲ್ಲ” ಅಂದ ನನ್ನ ಮಗ.

ಆಮೇಲೆ ಹೇಳಿದ. ಪ್ರ್ಯಾಕ್ಟೀಸ್ ಮೈದಾನದಲ್ಲಿ ಯಾರೋ ನೀನು ಅವನಿಗಿಂತ ಚೆನ್ನಾಗಿ ಓಡಿಸುತ್ತೀ ಎಂದಿದ್ದರಂತೆ. “ಅವತ್ತೇ ಶೆಡ್‌ನಲ್ಲಿ ಅವಳ ಕ್ಲಚ್ ಹಿಡಿಯೋ ಕೈನೇ ಬಾಗಿಲ ಸಂದೀಲಿ ಇಟ್ಟು ಒತ್ತಿದೆ. ಈಗ ಓಡಿಸ್ಲಿ ನೋಡೋಣ” ಅಂದ. ನಕ್ಕ. ಒಬ್ಬ ಗೆಳೆಯನೂ ನಕ್ಕ. ಇನ್ನೊಬ್ಬ ನಗಲಿಲ್ಲ, ಲೋಟ ನೋಡುತ್ತ ಕೂತ.

ಅಷ್ಟರಲ್ಲಿ ನಿನ್ನ ಅತ್ತೆ ತಟ್ಟೆ ಹಿಡಿದು ಬಂದಳು. ಅವಳು ಏನನ್ನಬೇಕಿತ್ತು ಹೇಳು? “ಮೆಲ್ಲಗೆ ಮಾತಾಡೋ, ಅಕ್ಕಪಕ್ಕದವರು ಕೇಳಿಸಿಕೊಂಡಾರು” ಅಂದಳು. ಅವಳಿಗೆ ಗೊತ್ತಿತ್ತು. ತಟ್ಟೆ ಇಟ್ಟು, ಅವನ ತಲೆಗೂದಲು ಸರಿಮಾಡಿ, ಒಳಗೆ ಹೋದಳು.

ನಾನು ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿದೆ. ಅವಳು ಬಾಗಿಲಲ್ಲಿ ನಿಂತು ಬೆರಳ ಸನ್ನೆಯಲ್ಲಿ ಪಿತ್ತವಾ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದು ಮಾಡಿದ ಕೈಯನ್ನು ಮೂಸಿ ನೋಡಿಕೊಂಡೆ. ಪೆಟ್ರೋಲಲ್ಲಿ ತೊಳೆದೆ, ಸೋಪಲ್ಲಿ ತೊಳೆದೆ, ಹೆಗ್ಗಣದ ವಾಸನೆ ಹೋಗುತ್ತಿಲ್ಲ. ಅಂದಿನಿಂದ ಈ ಮನೆಯ ಒಂದೊಂದು ಸದ್ದೂ ಹೇಸಿಗೆ. ಅವನು ಸೊರ್ರೆಂದು ಚಹಾ ಹೀರುವುದು, ಬೆರಳು ಚೀಪುವುದು, ಗಂಟಲಿನಿಂದ ಕಫ ಎಳೆಯುವುದು. ಮಿಷನ್ ತೆಗೆದಿಡಲು ಕೈ ಹೋಗುತ್ತದೆ. ತೆಗೆದಿಲ್ಲ.

ನನಗೆ ಕೇಳಿಸುತ್ತಿರಲಿಲ್ಲ, ಮಗಳೇ.

ಇತಿ,
ಮಾವ


ಜೂನ್ ೨

ಮಾವನವರಿಗೆ,

ಕಿವಿ ಕೇಳಿಸುತ್ತಿರಲಿಲ್ಲ, ಒಪ್ಪಿದೆ. ಕಣ್ಣು ಕಾಣಿಸುತ್ತಿತ್ತಲ್ಲ?

ಕೈ ಊದಿಕೊಂಡ ಮಾರನೆಯ ದಿನ ನಾನು ಶೆಡ್ಡಿಗೆ ಬಂದಿದ್ದೆ. ಬೆರಳಿಗೆ ಅಂಗಿಯ ಚೂರು ಸುತ್ತಿಕೊಂಡಿದ್ದೆ. ನೀವು ಸ್ಪ್ಯಾನರ್ ಕೊಡಲು ಬಂದು, ಕೈ ನೋಡಿ, “ಬಲಗೈಲಿ ಹಿಡ್ಕೋ” ಎಂದಿರಿ. ಅದಕ್ಕೂ ಮೊದಲು ಮೊಣಕೈ ಕಪ್ಪಾಗಿದ್ದಾಗ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದೆ, ಸೆಕೆಯಲ್ಲಿ. ಸೆಕೆ ಅಲ್ವಾ ಎಂದೂ ನೀವು ಕೇಳಲಿಲ್ಲ. ಪ್ಲಗ್ಗಿನ ತುದಿಯ ಬಣ್ಣ ನೋಡಿ ಇಂಜಿನ್ನಿನ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ಹೇಳುವವರು ನೀವು. ಒಂದೇ ಸೂರಿನ ಕೆಳಗೆ ಮೂರು ವರ್ಷ ನನ್ನ ಮುಖ ನಿಮ್ಮ ಕಣ್ಣೆದುರಿಗಿತ್ತು.

ಅವನ ಮೇಲೆ ನನಗೀಗ ಅಷ್ಟು ಹೇಸಿಗೆ ಉಳಿದಿಲ್ಲ. ಚರಂಡಿ ನಾರುತ್ತದೆ, ಅದರ ಕೆಲಸವೇ ಅದು. ಮೂಗು ಮುಚ್ಚಿಕೊಂಡು ಪಕ್ಕದಲ್ಲೇ ಕುರ್ಚಿ ಹಾಕಿ ಕೂತವರನ್ನು ನೆನೆದರೆ ಹೇಸಿಗೆ ಬರುತ್ತದೆ.

ಬೈಕು ಸರಿಯಾಗಿ ಓಡುತ್ತಿದೆ. ಸದ್ಯಕ್ಕೆ ಕೇಳುವುದೇನೂ ಇಲ್ಲ. ನಾನಾಗಿ ಬರೆಯುವ ತನಕ ಬರೆಯಬೇಡಿ. ಮಗಳೇ ಎಂದಂತೂ ಬರೆಯಲೇಬೇಡಿ.

ಸೊಸೆ


ಆಗಸ್ಟ್ ೧೦

ಸೊಸೆಗೆ,

ಕಾಣಿಸುತ್ತಿತ್ತು.

ಬರೆಯಬೇಡ ಎಂದದ್ದನ್ನು ಮೀರಿ ಬರೆಯುತ್ತಿದ್ದೇನೆ, ಏಕೆಂದರೆ ನಿನಗೆ ಗೊತ್ತಾಗಬೇಕಾದ ಸಂಗತಿ ಇದೆ. ಅವನು ಠಾಣೆಗೆ ಹೋಗಿ ನೀನು ಬೈಕು ಕದ್ದೆ ಎಂದು ದೂರು ಕೊಟ್ಟ. ಪೊಲೀಸಿನವರು ನಿನ್ನನ್ನು ಹುಡುಕಿ ಕೊಡುತ್ತಾರೆ, ಬೈಕಿನ ನೆಪದಲ್ಲಿ ನೀನೂ ಸಿಗುತ್ತೀ ಎಂಬುದು ಲೆಕ್ಕಾಚಾರ. ಹೇಳಿಕೊಟ್ಟವಳು ಅವನ ತಾಯಿ. ಅಡುಗೆಮನೆಯಲ್ಲಿ ಪಾಠ ಹೇಳುವುದನ್ನು ಕೇಳಿಸಿಕೊಂಡೆ.

ಬೈಕಿನ ಕಾಗದ ನನ್ನ ಹೆಸರಿನಲ್ಲಿದೆ ಎಂಬುದನ್ನು ಇಬ್ಬರೂ ಮರೆತಿದ್ದರು. ನಾನು ಹೋಗಿ, ಬೈಕನ್ನು ಸೊಸೆಗೆ ನಾನೇ ಕೊಟ್ಟದ್ದು, ಕಳ್ಳತನವೇನೂ ಇಲ್ಲ ಎಂದು ಬರೆದುಕೊಟ್ಟು ಬಂದೆ. ನಿನ್ನ ಹೆಸರಿಗೆ ವರ್ಗ ಮಾಡಿದ ಕಾಗದ ಇದರ ಜೊತೆಗಿದೆ. ನಿನ್ನ ವಿಳಾಸವನ್ನು ಠಾಣೆಯವರು ಕೇಳಿದರು. ಕಿವಿ ಕೇಳಿಸುವುದಿಲ್ಲ ಎಂದೆ. ಒಂದು ಸಲ ಅದರಿಂದ ಒಳ್ಳೆಯದೂ ಆಗಲಿ.

ಕೈ ಮುರಿದದ್ದಕ್ಕೆ ನೀನು ದೂರು ಕೊಡುವುದಾದರೆ ನಾನು ಸಾಕ್ಷಿ ಹೇಳುತ್ತೇನೆ. ಕೊಡು ಎಂದಾಗಲೀ ಬೇಡ ಎಂದಾಗಲೀ ಹೇಳಲು ನಾನು ಯಾರೂ ಅಲ್ಲ.

ಇತಿ,
ಮಾವ


ಆಗಸ್ಟ್ ೨೪

ಮಾವನವರಿಗೆ,

ದೂರು ಕೊಟ್ಟಿದ್ದೇನೆ. ನಿಮ್ಮ ಪತ್ರ ಬಂತೆಂದಲ್ಲ. ಬೈಕಿನ ಕಾಗದ ಕೈಗೆ ಬಂದಾಗ ಅದರಲ್ಲಿ ನನ್ನ ಹೆಸರು ಓದಿದೆ, ಇನ್ನು ಅವನಿಗೆ ಹೆದರಲು ಕಾರಣ ಹುಡುಕಿದೆ, ಸಿಗಲಿಲ್ಲ. ಲ್ಯಾಬಿನ ಮೇಡಂ ಜೊತೆಗೆ ಬಂದರು. ಡಾಕ್ಟರು ಎಕ್ಸ್‌ರೇ ಕೊಟ್ಟರು. ಠಾಣೆಯ ಬೆಂಚಿನಲ್ಲಿ ಕೂತು ಮೇಡಂ, “ನೀನು ಪೆಟ್ಟಿಗೇಲಿ ಏನೇನೋ ಹೊತ್ಕೊಂಡು ಬರ್ತೀಯಾ ಅಂದ್ಕೊಂಡಿದ್ದೆ. ಇದನ್ನೂ ಹೊತ್ಕೊಂಡು ತಿರುಗ್ತಿದ್ದೆಯಲ್ಲೇ” ಎಂದು ಬೈದರು. ಅವರ ಬೈಗುಳ ಹಿತವಾಗಿತ್ತು.

ನಿಮ್ಮನ್ನು ಕರೆಯುತ್ತಾರೆ. ಕಿವಿಯಾರೆ ಕೇಳಿದ್ದನ್ನು ಹೇಳಿ, ಕಣ್ಣಾರೆ ಕಂಡದ್ದನ್ನು ಹೇಳಿ. ನಾನು ಎಂಥ ಒಳ್ಳೆಯ ಸೊಸೆ, ಅತ್ತೆಗೆ ಹೇಗೆ ತಗ್ಗಿಬಗ್ಗಿ ನಡೆಯುತ್ತಿದ್ದೆ ಎಂದೆಲ್ಲ ಹೇಳಬೇಡಿ. ಕೆಟ್ಟ ಸೊಸೆಯ ಬೆರಳೂ ಮುರಿಯಕೂಡದು.

ಇತಿ,
ಸೊಸೆ


ಸೆಪ್ಟೆಂಬರ್ ೧೯

ಸೊಸೆಗೆ,

ಹೇಳಿ ಬಂದೆ. ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಎಲ್ಲರನ್ನೂ ಒಂದೇ ದಿನ ಕರೆಸಿದ್ದರು. ಹೇಳಿಕೆ ಬರೆದುಕೊಳ್ಳುವ ಪೊಲೀಸಮ್ಮ ನನ್ನನ್ನು ಕೂರಿಸಿ, “ಆರೋಪಿಗೆ ನೀವು ಏನಾಗಬೇಕು?” ಎಂದು ಕೇಳಿದರು.

“ತಂದೆ” ಎಂದೆ. ಬಾಯಲ್ಲಿದ್ದದ್ದನ್ನು ಉಗುಳಿದ ಹಾಗೆ ಬಂತು ಆ ಮಾತು.

“ನಿಮಗೆ ಕಿವಿ ಕೇಳ್ಸಲ್ವಂತೆ? ನಿಮ್ಮ ಮಗ ಹೇಳ್ತಿದಾರೆ.”

ಟೋಪಿ ತೆಗೆದು ಮಿಷನ್ ತೋರಿಸಿದೆ. ಅವನ ಮುಖ ನೋಡಬೇಕಿತ್ತು ನೀನು. ಆಯಮ್ಮ ಜಾಣೆ, ಎದ್ದು ನನ್ನ ಬೆನ್ನ ಹಿಂದೆ ಹೋಗಿ ಪಿಸುಗುಟ್ಟಿದರು. “ಟೀ ಕುಡೀತೀರಾ ಅಂದ್ರಿ. ಬೇಡಮ್ಮ, ಪಿತ್ತ” ಎಂದೆ. ಮೂಲೆಯಲ್ಲಿದ್ದ ಪೇದೆ ನಕ್ಕುಬಿಟ್ಟ. ಆಮೇಲೆ ಯಾರೂ ನಗಲಿಲ್ಲ. ಅವನು ಗೆಳೆಯರ ಮುಂದೆ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ನಿನ್ನ ಊದಿದ ಕೈಯನ್ನು, ಉದ್ದ ತೋಳಿನ ಅಂಗಿಯನ್ನು, ಕಂಡೂ ಸುಮ್ಮನಿದ್ದದ್ದನ್ನು ಹೇಳಿದೆ. “ಯಾಕೆ ಸುಮ್ಮನಿದ್ರಿ?” ಎಂದರು. “ಅವನು ರೇಸು ಗೆಲ್ತಿದ್ದ” ಎಂದೆ. ಅದನ್ನೂ ಬರೆದುಕೊಂಡರು.

ಹೊರಗೆ ಬಂದಾಗ ನಿನ್ನ ಅತ್ತೆ ನನ್ನ ಕಾಲ ಮೇಲೆ ಉಗುಳಿ, “ಥೂ, ನೀನೂ ಒಬ್ಬ ಅಪ್ಪನಾ?” ಎಂದು ರಿಕ್ಷಾ ಹತ್ತಿ ಹೋದಳು. ಅದು ನನಗೆ ಸಲ್ಲಬೇಕಾದದ್ದೇ, ಒರೆಸಿಕೊಳ್ಳಲಿಲ್ಲ. ಅವನು ಮೆಟ್ಟಿಲ ಮೇಲೆ ನಿಂತು ಫೋನ್ ಉಜ್ಜುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ತಲೆ ಎತ್ತದೆ ಅಂದ:

“ಅಪ್ಪಾ, ಬರ್ತಾ ಬ್ರೆಡ್ ತಗೊಂಡ್ಬಾ. ಮನೇಲಿ ಖಾಲಿ.”

ಅಷ್ಟೇ. ನಾನು ಒಳಗೆ ಹೇಳಿದ್ದು ಸೊಳ್ಳೆ ಕಚ್ಚಿದಷ್ಟೂ ತಾಗಿರಲಿಲ್ಲ. ಅಪ್ಪ ಏನೋ ಒದರಿದ, ಅಮ್ಮ ಸರಿಮಾಡುತ್ತಾಳೆ. ಬ್ರೆಡ್ ಮುಗಿದಿದೆ, ಅಪ್ಪ ತರುತ್ತಾನೆ.

ಬಿಸಿಲಲ್ಲಿ ನಡೆಯುತ್ತ ಹೊರಟೆ. ನಾನು ಮಾಡಬೇಕಾದದ್ದನ್ನು ಮಾಡಿದೆ ಎಂದು ಒಂದಿಷ್ಟು ಹಗುರವೂ ಆಗಿತ್ತು. ಬೇಕರಿ ಬಂತು. ಕಾಲು ತಾನಾಗಿ ನಿಂತಿತು. ಠಾಣೆಯಲ್ಲಿ ತಂದೆ ಎಂದು ಬರೆಸಿದ್ದೆನಲ್ಲ, ಬ್ರೆಡ್ಡನ್ನೂ ತಂದೆ.

ಅವನು ಬೆಣ್ಣೆ ಸವರಿ ತಿಂದ. ಅಗಿಯುವ ಸದ್ದು ಪೂರ್ತಿ ಕೇಳಿಸಿತು. ಈ ಮನೆಯಲ್ಲಿ ಇಷ್ಟು ದಿನ ಅವನದೇ ಹೇಸಿಗೆ ಎಂದುಕೊಂಡಿದ್ದೆ. ಮೊನ್ನೆಯಿಂದ ನನ್ನ ಕೈ ನೋಡಿದರೆ ನನಗೇ ಊಟ ಸೇರುತ್ತಿಲ್ಲ.

ಇತಿ,
ಮಾವ


ಡಿಸೆಂಬರ್ ೬

ಮಾವನವರಿಗೆ,

ನಿಮ್ಮ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ನಡುವೆ ಕೋರ್ಟು ಬಂತು.

ನೀವು ಹೇಳಿಕೆ ಕೊಟ್ಟ ಮೇಲೆ, ಅಂದು ನಗದೆ ಲೋಟ ನೋಡುತ್ತ ಕೂತಿದ್ದ ಗೆಳೆಯನೂ ಬಾಯಿ ಬಿಟ್ಟನಂತೆ. ಇಬ್ಬರ ಮಾತೂ ಒಂದೇ ಆದದ್ದರಿಂದ ನಿಮ್ಮ ಮಗನ ವಕೀಲರು ಒಪ್ಪಿಕೊಂಡುಬಿಡು ಎಂದರಂತೆ. ನಿನ್ನೆ ಒಪ್ಪಿಕೊಂಡ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ನಾನು ಹತ್ತಿರದಲ್ಲೇ ನಿಂತಿದ್ದೆ, ಕರವಸ್ತ್ರ ಒಣಗಿತ್ತು. ಶಿಕ್ಷೆ ಎಷ್ಟೆಂದು ಮುಂದಿನ ತಿಂಗಳು ಹೇಳುತ್ತಾರೆ. ಅಲ್ಲಿಯವರೆಗೆ ನನ್ನ ಹತ್ತಿರ ಸುಳಿಯಕೂಡದೆಂದು ಆಜ್ಞೆಯಾಗಿದೆ. ಅತ್ತೆ ನನ್ನನ್ನು ದಾಟಿ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮದುವೆ ಮುರಿಯುವ ಅರ್ಜಿಯನ್ನೂ ಹಾಕಿ ಬಂದೆ.

ಇಲ್ಲಿಗೆ ಬನ್ನಿ ಎಂದು ನಿಮ್ಮನ್ನು ಕರೆಯುವಷ್ಟು ನನ್ನ ಮನಸ್ಸು ದೊಡ್ಡದಾಗಿಲ್ಲ. ಆಗುತ್ತದೆ ಎಂದೂ ಮಾತು ಕೊಡುವುದಿಲ್ಲ. ಚಳಿ ಶುರುವಾಗಿ ಗಾಳಿ ದಟ್ಟವಾಗಿದೆ, ಮೇನ್ ಜೆಟ್ ಒಂದು ಸೈಜ್ ಮೇಲೆ ಹತ್ತಬೇಕು. ಇಂಜಿನ್ನಿನ ಸದ್ದನ್ನು ನಾನೇ ಕೇಳಿಸಿಕೊಂಡು ನಾನೇ ಹಾಕಿದೆ.

ಬ್ರೆಡ್ಡಿನ ವಿಷಯ ಓದಿದಾಗ ಮೈಯೆಲ್ಲ ಉರಿದು ಪತ್ರವನ್ನು ಮಡಚಿ ಹಾಸಿಗೆಯ ಕೆಳಗೆ ತಳ್ಳಿಬಿಟ್ಟೆ. ಆಮೇಲೆ ನನಗೊಂದು ನೆನಪು ಬಂತು. ಇದನ್ನು ಲ್ಯಾಬಿನ ಮೇಡಂಗೂ ಹೇಳಿಲ್ಲ, ಕೋರ್ಟಿನಲ್ಲೂ ಹೇಳಿಲ್ಲ. ಮನೆ ಬಿಡುವುದೆಂದು ನಿಶ್ಚಯ ಮಾಡಿದ್ದೆನಲ್ಲ, ಅದರ ಹಿಂದಿನ ಸಂಜೆ ಒಗೆದ ಬಟ್ಟೆಯ ರಾಶಿ ಮಂಚದ ಮೇಲಿತ್ತು. ನಾನು ಇಸ್ತ್ರಿಪೆಟ್ಟಿಗೆ ಹಚ್ಚಿ, ಮುರಿದ ಬೆರಳುಗಳನ್ನು ಮೇಲಕ್ಕೆ ಎತ್ತಿಕೊಂಡು, ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿದೆ. ಕಾಲರು, ಕೈಪಟ್ಟಿ, ಬೆನ್ನು. ಒಂದರ ಮೇಲೊಂದು ಜೋಡಿಸಿ ಕಪಾಟಿನಲ್ಲಿಟ್ಟೆ. ಬೆಳಿಗ್ಗೆ ಹೊರಟುಹೋದೆ. ಯಾಕೆ ಮಾಡಿದೆ ಎಂದು ಇವತ್ತಿಗೂ ಗೊತ್ತಿಲ್ಲ. ನೆನಪಾದಾಗಲೆಲ್ಲ ಬಾಯಿ ಮುಕ್ಕಳಿಸಬೇಕು ಎನ್ನಿಸುತ್ತದೆ.

ಶಿಕ್ಷೆ ಗೊತ್ತಾಗುವವರೆಗೆ ಅವನು ಮನೆಯಲ್ಲೇ ಇರುತ್ತಾನೆ. ಮತ್ತೆ ಬ್ರೆಡ್ ಕೇಳುತ್ತಾನೆ. ತರಬೇಡಿ.

ಇತಿ,
ನಿಮ್ಮ ಸೊಸೆಯಾಗಿದ್ದವಳು